ಮುದ್ದೇಬಿಹಾಳದಲ್ಲಿ ಸುತ್ತಿದ ರುಮಾಲು

ಚೆಂಡು ಆಡಿದರೆ ಪಗಾರ ಕೊಡುತ್ತಾರೆ ಎಂಬುದನ್ನು ನಮ್ಮೂರು ಯಂಕಂಚಿಯವರಿಗೆ ತಿಳಿಸಿ ಹೇಳಲು ನನ್ನಿಂದ ಕೊನೆತನಕ ಆಗಲಿಲ್ಲ. ನನಗೇ ಅದು ನೆಟ್ಟಗೆ ತಿಳಿದಿರಲಿಲ್ಲ ಎನ್ನುವುದು ಬೇರೆ ಮಾತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಸವನ ಬಾಗೇವಾಡಿಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಹಾಜರಿ ಹಾಕುತ್ತಿದ್ದುದು ಸಿಪಾಯಿ ಎಂದು. ಮುಂಜಾನೆ ಕಾಗದಪತ್ರಗಳನ್ನು ಈ ಮೇಜಿನಿಂದ ಆ ಮೇಜಿಗೆ ಒಯ್ಯಬೇಕು, ಕುಡಿಯುವ ನೀರಿನ ಗಡಿಗೆ ತುಂಬಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಬಿಳಿ ಚಡ್ಡಿ ಹಾಕಿಕೊಂಡು ಕಚೇರಿಯ ಹಿಂದಿನ ಮೈದಾನಕ್ಕೆ ಇಳಿದು ಬಾಸ್ಕೆಟ್‌ಬಾಲ್ ಆಡಬೇಕು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಈ ಚಡ್ಡಿಗಾಗಿಯೋ ಆ ಗಡಿಗೆಗಾಗಿಯೋ ಎಂದು ಕಚೇರಿಯ ಹಿರಿಯ ಗುಮಾಸ್ತರು ನಗುತ್ತಾ ಕೇಳುತ್ತಿದ್ದರು. ನಾನು ತಲೆ ಕೆರೆದುಕೊಂಡು ಎರಡಕ್ಕೂ ಇರಬೇಕ್ರಿ ಎನ್ನುತ್ತಿದ್ದೆ.

ನಾನು ಆಡುತ್ತಿದ್ದ ಜಾಗಕ್ಕೆ ಈಗ ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಆಗ ನಮ್ಮ ಕಡೆ ಅದಕ್ಕೊಂದು ಹೆಸರೂ ಇರಲಿಲ್ಲ. ಚೆಂಡು ತರುವವನು ಎಂದರೆ ಮುಗಿಯಿತು. ನಮ್ಮ ಕಡೆಯ ತುದಿಯಿಂದ ಚೆಂಡು ಪುಟಿಸುತ್ತಾ ಆ ಕಡೆಯ ತುದಿಗೆ ತರಬೇಕು, ಅಡ್ಡ ಬಂದವರನ್ನು ತಪ್ಪಿಸಬೇಕು, ಬುಟ್ಟಿಯ ಹತ್ತಿರ ಯಾರು ಖುಲ್ಲಾ ನಿಂತಿದ್ದಾರೆ ನೋಡಿ ಅವರ ಕೈಗೆ ಕೊಡಬೇಕು. ಬುಟ್ಟಿಗೆ ಹಾಕುವವರು ಅವರು. ಜನ ಚಪ್ಪಾಳೆ ತಟ್ಟುವುದೂ ಅವರಿಗೇ.

ಈ ವಿದ್ಯೆ ಕಲಿಸಿದವರು ಸಿಂದಗಿಯ ಶಾಲೆಯಲ್ಲಿ ನಮಗಿದ್ದ ಡ್ರಿಲ್ ಮಾಸ್ತರರು. ಎಲ್ಲಿಂದಲೋ ಎರಡು ಕಬ್ಬಿಣದ ಬಳೆ ಮಾಡಿಸಿ ತಂದು ಬುಟ್ಟಿಯ ಬದಲಿಗೆ ಜಾಲಿಮರದ ಕಂಬಗಳಿಗೆ ಬಡಿಸಿದ್ದರು. ನೆಲ ಸಿದ್ಧ ಮಾಡುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲವಾದ್ದರಿಂದ ಊರವರು ತಮಗೆ ತಿಳಿದಂತೆ ಮಾಡಿಕೊಟ್ಟರು. ಸುಗ್ಗಿಗೆ ಕಣ ಮಾಡುವ ಹಾಗೆ ನೀರು ಹೊಡೆದು, ಎತ್ತು ತುಳಿಸಿ, ಸೆಗಣಿ ಸಾರಿಸಿದರು. ನಮ್ಮ ಕಪ್ಪು ಎರಿಮಣ್ಣು ಕೇಳಬೇಕಲ್ಲ, ಬೇಸಿಗೆ ಬಂದ ಕೂಡಲೇ ಬಿರಿಯಿತು. ಎಲ್ಲಿ ಬಿರುಕು ಇದೆಯೋ ಅಲ್ಲಿ ಚೆಂಡು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಅಂಥ ನೆಲದಲ್ಲಿ ಚೆಂಡು ಪುಟಿಸಿ ಕಲಿತವನ ಕೈಯಿಂದ ಚೆಂಡು ಕಸಿಯುವುದು ಕಷ್ಟ. ನಾನು ಕುಳ್ಳ. ಬಳೆಯ ಹತ್ತಿರ ನನ್ನ ಕೆಲಸವಿಲ್ಲ ಎಂದು ಮಾಸ್ತರರು ಮೊದಲ ದಿನವೇ ತೀರ್ಮಾನಿಸಿದ್ದರು. ನೀನು ತರಬೇಕು, ನೋಡಬೇಕು, ಕೊಡಬೇಕು, ಹಾಕುವ ಆಸೆ ಇಟ್ಟುಕೊಳ್ಳಬಾರದು ಎಂದಿದ್ದರು. ನಾನು ಇಟ್ಟುಕೊಂಡಿರಲೂ ಇಲ್ಲ.

ನನ್ನನ್ನು ಬೆಳೆಸಿದ್ದು ಕಾಕಾ, ಅಪ್ಪನ ತಮ್ಮ. ಹರೆಯದಲ್ಲಿ ಕುಸ್ತಿ ಹಿಡಿದವರು. ಅವರ ಎರಡೂ ಕಿವಿ ಮುದುಡಿ ಒಣ ಅಂಜೂರದಂತಾಗಿದ್ದವು. ಕುರಿ ಹಿಂಡು ಒಂದಿತ್ತು, ಸ್ವಲ್ಪ ಜೋಳದ ಹೊಲವಿತ್ತು. ಅವರಿಗೆ ಗೊತ್ತಿದ್ದ ಆಟ ಕುಸ್ತಿಯೊಂದೇ. ನಾನು ಬಾಗೇವಾಡಿಯಿಂದ ಊರಿಗೆ ಹೋದಾಗಲೆಲ್ಲ ಅವರು ಕೇಳುವ ಮೊದಲ ಪ್ರಶ್ನೆ, ಯಾರನ್ನು ಕೆಡವಿದೆ ಎಂದು. ಕಾಕಾ, ಇದರಲ್ಲಿ ಕೆಡವುವುದಿಲ್ಲ, ಬುಟ್ಟಿಗೆ ಚೆಂಡು ಹಾಕುವುದು ಎಂದು ವಿವರಿಸುತ್ತಿದ್ದೆ. ಹಾಗಾದರೆ ನೀನೆಷ್ಟು ಹಾಕಿದೆ ಎನ್ನುತ್ತಿದ್ದರು. ನಾನು ಹಾಕುವುದಿಲ್ಲ, ಹಾಕುವವರಿಗೆ ಕೊಡುತ್ತೇನೆ ಎನ್ನುತ್ತಿದ್ದೆ. ಅವರು ಊಟ ಸರಿಯಾಗಿ ಮಾಡುತ್ತೀಯಿಲ್ಲೋ ಎಂದು ಮಾತು ಬದಲಿಸುತ್ತಿದ್ದರು.

ನೌಕರಿ ಹಂಗಾಮಿ. ಹಂಗಾಮಿ ಎಂದರೆ ವರ್ಷ ಮುಗಿದ ಮೇಲೆ ಸಾಹೇಬರು ಮನಸ್ಸು ಮಾಡಿದರೆ ಇರಬೇಕು, ಇಲ್ಲದಿದ್ದರೆ ಗಂಟು ಕಟ್ಟಬೇಕು. ಕಚೇರಿಯ ತಂಡದಲ್ಲಿ ಬೇರೆಯವರೆಲ್ಲ ಕಾಯಂ ಆಗಿದ್ದರು. ಹಂಗಾಮಿ ಉಳಿದಿದ್ದವರು ನಾನು ಮತ್ತು ಇಂಡಿ ತಾಲೂಕಿನ ಕಡೆಯಿಂದ ಬಂದ ಒಬ್ಬ ಎತ್ತರದ ಹುಡುಗ. ನಾವಿಬ್ಬರೂ ಒಂದೇ ಖೋಲಿಯಲ್ಲಿ ಇರುತ್ತಿದ್ದೆವು. ಅವನ ಮನೆಯವರದು ನಿಂಬೆ ತೋಟ. ಊರಿಗೆ ಹೋಗಿ ಬಂದಾಗ ಅವನ ಚೀಲದಲ್ಲಿ, ಅಂಗಿಯ ಕಿಸೆಯಲ್ಲಿ, ಒಮ್ಮೊಮ್ಮೆ ಬೂಟಿನಲ್ಲಿ ಕೂಡ ನಿಂಬೆಹಣ್ಣು ಇರುತ್ತಿದ್ದವು. ನಮ್ಮ ಖೋಲಿ ಬೆವರಿನ ಬದಲು ನಿಂಬೆಯ ವಾಸನೆ ಹೊಡೆಯುತ್ತಿತ್ತು ಎಂದರೆ ಅದು ಅವನ ಉಪಕಾರ. ಬಳೆಯ ಕೆಳಗೆ ನಿಂತು ಕೈ ಎತ್ತಿದನೆಂದರೆ ಸಾಕು, ನನ್ನ ಚೆಂಡು ತಾನೇ ಅವನ ಕಡೆ ಹೋಗುತ್ತಿತ್ತು. ಅವನ ಕೈಗೆ ಹೋದದ್ದು ಬುಟ್ಟಿಗೆ ಹೋದ ಹಾಗೆ.

ಮಳೆಗಾಲ ಮುಗಿದು ಜೋಳ ಬಿತ್ತುವ ಹೊತ್ತಿಗೆ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಆಟಗಾರರಲ್ಲಿ ಒಬ್ಬನನ್ನು ಕಾಯಂ ಮಾಡಲು ಮೇಲಿನಿಂದ ಒಪ್ಪಿಗೆ ಬಂದಿದೆ, ಒಬ್ಬನನ್ನು ಮಾತ್ರ ಎಂದರು. ಇನ್ನೊಬ್ಬನಿಗೆ ಈ ಸಲ ಮುಂದುವರಿಕೆ ಸಿಗುವುದು ಅನುಮಾನ. ಮುದ್ದೇಬಿಹಾಳದಲ್ಲಿ ಆಗುವ ದೊಡ್ಡ ಪಂದ್ಯ ನೋಡಿ ಯಾರ ಹೆಸರು ಕಳಿಸಬೇಕೆಂದು ತೀರ್ಮಾನಿಸುವೆ ಎಂದೂ ಹೇಳಿದರು. ಸಾಹೇಬರು ಒಳ್ಳೆಯವರು. ಆದರೆ ಆಟದ ವಿಷಯದಲ್ಲಿ ಅವರಿಗೆ ತಿಳಿಯುತ್ತಿದ್ದುದು ಒಂದೇ, ಯಾರು ಎಷ್ಟು ಹಾಕಿದರು ಎಂಬುದು.

ಕಾಯಂ ಆಗದಿದ್ದರೆ ಹಸಿವಿನಿಂದ ಸಾಯುತ್ತಿರಲಿಲ್ಲ. ಊರಿಗೆ ಹೋಗಿ ಕುರಿ ಕಾಯಬಹುದಿತ್ತು, ಅದು ನನಗೆ ಬರುತ್ತಿತ್ತು. ಆದರೆ ಯಂಕಂಚಿಯಲ್ಲಿ ಬುಟ್ಟಿಯೂ ಇಲ್ಲ, ಚೆಂಡೂ ಇಲ್ಲ, ಕೊಟ್ಟರೆ ಹಿಡಿಯುವವರೂ ಇಲ್ಲ. ನೌಕರಿ ಹೋಯಿತೆಂದರೆ ಆಟ ಹೋಯಿತು.

ಅಂದು ಸಂಜೆ ಇಬ್ಬರೂ ಖೋಲಿಗೆ ಬಂದೆವು. ಅವನು ನಿಂಬೆ ಕೊಯ್ದು ಪಾನಕ ಮಾಡಿದ. ಒಂದು ಲೋಟ ನನ್ನ ಮುಂದೆ ಇಟ್ಟು ನಗಲು ಶುರು ಮಾಡಿದ.

“ನೀ ಚೆಂಡು ಕೊಡಲಿಲ್ಲಂದ್ರ ನಾ ಕಾಯಂ ಆಗೂದಿಲ್ಲ. ಕೊಟ್ಟಿ ಅಂದ್ರ ನೀ ಆಗೂದಿಲ್ಲ. ಎಂಥಾ ಮಸ್ತ್ ಆಟ ಐತಿ ನೋಡು ದೋಸ್ತ.”

ನನಗೆ ನಗು ಬರಲಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅವನು ಲೋಟ ಬಾಯಿಗೆ ಹಚ್ಚಿದವನು ಹಾಗೆಯೇ ಕೆಳಗಿಳಿಸಿ, ನನಗ ಚೆಂಡು ತರಾಕ ಬರೂದಿಲ್ಲಲ್ಲೋ, ಹಂಗಾಗಿ ಆ ಫಜೀತಿ ನನಗಿಲ್ಲ ಎಂದ. ಅವನಿಗೂ ಮನೆಯಲ್ಲಿ ಇಬ್ಬರು ತಂಗಿಯರಿದ್ದರು, ತೋಟದಲ್ಲಿ ಪಾಲಿಗೆ ಅಣ್ಣಂದಿರಿದ್ದರು. ಕಾಯಂ ಬೇಡವೆನ್ನುವ ಸ್ಥಿತಿ ಅವನದೂ ಅಲ್ಲ.

ಅಲ್ಲಿಂದ ಮುಂದೆ ನನ್ನ ಆಟ ಹದಗೆಟ್ಟಿತು. ಚೆಂಡು ತರುತ್ತಿದ್ದೆ, ಅವನು ಕೈ ಎತ್ತಿದ್ದು ಕಾಣುತ್ತಿತ್ತು, ಕೊಡುವ ಮುಂಚೆ ಒಂದು ಕ್ಷಣ ಕೈ ನಿಲ್ಲುತ್ತಿತ್ತು. ಆ ಒಂದು ಕ್ಷಣದಲ್ಲಿ ಯಾರಾದರೂ ಅಡ್ಡ ಬರುತ್ತಿದ್ದರು. ಒಮ್ಮೆ ಯೋಚನೆಯೇ ಇಲ್ಲದೆ ದೂರದಿಂದ ನಾನೇ ಎಸೆದೆ. ಚೆಂಡು ಬಳೆಯನ್ನು ಮುಟ್ಟಲೂ ಇಲ್ಲ, ಹಿಂದಿನ ಗೋಡೆ ದಾಟಿ ಯಾರದೋ ಹಿತ್ತಲಿಗೆ ಬಿತ್ತು. ಒಳಗಿನಿಂದ ಒಬ್ಬ ಹೆಂಗಸು ಚೆಂಡು ಹಿಡಿದು ಬಂದು, ಕುಂಬಳಬಳ್ಳಿಯ ಮ್ಯಾಲ ಬಿದ್ದೈತ್ರಿ, ಹೂವೆಲ್ಲಾ ಉದುರ್ಯಾವು ಎಂದು ಬೈದು ಕೊಟ್ಟಳು. ಇಂಡಿಯವನು ಚೆಂಡು ಒರೆಸಿ ಮತ್ತೆ ನನ್ನ ಕೈಗೇ ಕೊಟ್ಟ. ಅದರಿಂದ ನನಗೆ ಇನ್ನಷ್ಟು ಗೊಂದಲವಾಯಿತು.

ಪಂದ್ಯಕ್ಕೆ ಮುಂಚೆ ಒಂದು ದಿನ ರಜೆ ಪಡೆದು ಊರಿಗೆ ಹೋದೆ. ಕಾಕಾ ಕುರಿಗಳಿಗೆ ನೀರು ಕುಡಿಸಿ ಬಂದು ಜಗಲಿಯ ಮೇಲೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಎದುರಿಗೆ ಯಾರು ಎಂದು ಕೇಳಿದರು. ಆಟದಲ್ಲಿ ಎದುರಿಗೆ ಮುದ್ದೇಬಿಹಾಳದ ತಂಡ, ನೌಕರಿಯಲ್ಲಿ ಎದುರಿಗೆ ನಮ್ಮ ತಂಡದವನೇ ಎಂದೆ. ಕಾಕಾರ ಹುಬ್ಬು ಗಂಟಿಕ್ಕಿತು.

“ಜೋಡಿ ಹಚ್ಚಿದವ್ರು ಯಾರು?”

ಕುಸ್ತಿಯಲ್ಲಿ ಯಾರಿಗೆ ಯಾರು ಜೋಡಿ ಎಂದು ಹಿರಿಯರು ಕೂತು ತೀರ್ಮಾನಿಸುತ್ತಾರೆ, ಅದಕ್ಕೆ ಹಾಗೆ ಕೇಳಿದ್ದು. ಸಾಹೇಬರು ಎಂದೆ.

“ಒಂದ ಮಗ್ಗಲದವ್ರನ್ನ ಜೋಡಿ ಹಚ್ಚೂದಿಲ್ಲೋ ತಮ್ಮಾ. ಇದು ಎಂಥಾ ಕುಸ್ತಿ?”

ಇರಲಿ, ನಾನೂ ಬರುತ್ತೇನೆ, ಹಿರಿಯರು ಒಬ್ಬರಾದರೂ ನಿನ್ನ ಕಡೆಯಿಂದ ಕಣದಲ್ಲಿ ಇರಬೇಕು ಎಂದರು. ಬಸ್ಸಿನ ಹೊತ್ತು ಹೇಳಿ ಬಂದೆ.

ಮುದ್ದೇಬಿಹಾಳದ ಆಟದ ನೆಲ ಸಿಮೆಂಟಿನದು. ಅಂದು ಸುತ್ತಲಿನ ಹಳ್ಳಿಗಳಿಂದ ಜನ ಬಂದು ಗೆರೆಯ ತನಕ ಕೂತಿದ್ದರು. ಚೆಂಡು ಹೊರಗೆ ಹೋದರೆ ಯಾರದಾದರೂ ತೊಡೆಯ ಮೇಲೆಯೇ ಬೀಳಬೇಕು. ಪಕ್ಕದ ಮನೆಗಳ ಮಾಳಿಗೆಯ ಮೇಲೆ ಹೆಂಗಸರು, ಮಕ್ಕಳು. ಸಾಹೇಬರಿಗೆ ಗೆರೆಯ ಪಕ್ಕದಲ್ಲಿ ಕುರ್ಚಿ. ಅವರಿಂದ ಸ್ವಲ್ಪ ಆಚೆ ಮುಂದಿನ ಸಾಲಿನಲ್ಲಿ ಕಾಕಾ ಕೂತಿದ್ದರು, ನಮ್ಮೂರಿನ ಮೂರ್ನಾಲ್ಕು ಜನ ಹಿರಿಯರೊಂದಿಗೆ. ಅವರ ಮಡಿಲಲ್ಲಿ ಒಂದು ಗಂಟು. ತಾಳಿಕೋಟೆಯಲ್ಲಿ ಬಸ್ಸು ಬದಲಿಸುವಾಗ ಪೇಟೆಗೆ ಹೋಗಿ ಹೊಸ ರುಮಾಲು ಕೊಂಡಿದ್ದರಂತೆ, ಕೇಸರಿ ಬಣ್ಣದ್ದು. ಗೆದ್ದ ಪೈಲ್ವಾನನಿಗೆ ಕಣದೊಳಗೇ ಹೋಗಿ ತಲೆಗೆ ರುಮಾಲು ಸುತ್ತುವುದು ನಮ್ಮ ಕಡೆಯ ಪದ್ಧತಿ. ಅದು ಯಾರಿಗೆಂದು ತಂದದ್ದು ಎಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಆಟ ಶುರುವಾಗುವ ಮುಂಚೆ ಸಾಹೇಬರು ಬೆರಳು ಮಾಡಿ ಕರೆದರು. ಇಂದು ನೀನೂ ಒಂದಷ್ಟು ಹಾಕು, ನಿನ್ನ ಬಗ್ಗೆ ಹೇಳಲು ನನಗೂ ಏನಾದರೂ ಬೇಕಲ್ಲ ಎಂದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಹೌದ್ರಿ ಎಂದು ಬಂದೆ. ಇತ್ತ ಬಂದರೆ ಇಂಡಿಯವನು ಬೂಟಿನ ಲಾಡಿ ಬಿಗಿಯುತ್ತಾ, ಮಾಮೂಲಿನಂಗ ಆಡೂಣು ಎಂದ. ಅವನಿಗೂ ಹೌದೆಂದೆ.

ಇಬ್ಬರಿಗೂ ಹೌದೆಂದವನ ಆಟ ಹೇಗಿರಬೇಕು, ಹಾಗೆಯೇ ಇತ್ತು. ಸಿಮೆಂಟಿನ ಮೇಲೆ ಚೆಂಡು ಎಂದಿಗಿಂತ ಎತ್ತರ ಏಳುತ್ತಿತ್ತು. ಕೊಡಬೇಕಾದಾಗ ಹಿಡಿದೆ, ಹಿಡಿಯಬೇಕಾದಾಗ ಎಸೆದೆ. ನಾನು ಎಸೆದದ್ದೊಂದೂ ಒಳಗೆ ಹೋಗಲಿಲ್ಲ. ಪ್ರತಿ ಸಲ ಎಸೆದಾಗಲೂ ಕಾಕಾರ ಕೈ ಗಂಟಿನ ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತಿದ್ದುದು ಓಡುವಾಗಲೇ ಕಣ್ಣಿಗೆ ಬೀಳುತ್ತಿತ್ತು. ನಡುವಿನ ವಿರಾಮದ ಹೊತ್ತಿಗೆ ನಾವು ಹಿಂದೆ ಬಿದ್ದಿದ್ದೆವು. ತಂಡದವರೆಲ್ಲ ನನ್ನ ಕಡೆ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದರು.

ವಿರಾಮದ ನಂತರ ಏನಾಯಿತೆಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಯೋಚನೆ ಮಾಡಿ ಮಾಡಿ ತಲೆ ದಣಿದಿರಬೇಕು. ಕೈಗಳು ತಮ್ಮ ಪಾಡಿಗೆ ತಾವು ಹಳೆಯ ಕೆಲಸ ಮಾಡತೊಡಗಿದವು. ಚೆಂಡು ತಂದೆ, ನೋಡಿದೆ, ಕೊಟ್ಟೆ. ಇಂಡಿಯವನು ಹಾಕುತ್ತಾ ಹೋದ. ಕೊನೆಗೆ ಎರಡೂ ಕಡೆಯ ಅಂಕ ಸಮನಾಗಿ ನಿಂತವು. ಹೊತ್ತು ಎಷ್ಟು ಉಳಿದಿದೆ ಎಂಬುದು ಮೇಜಿನ ಮುಂದೆ ಗಡಿಯಾರ ಹಿಡಿದು ಕೂತವನಿಗೆ ಮಾತ್ರ ಗೊತ್ತು. ಜನ ಎದ್ದು ನಿಂತರು.

ಚೆಂಡು ನನ್ನ ಕೈಯಲ್ಲಿತ್ತು. ಇಬ್ಬರು ನನ್ನ ಮೇಲೆ ಬಂದರು. ಒಬ್ಬನನ್ನು ದಾಟಿದೆ. ಎದುರಿಗೆ ಬಳೆಯ ತನಕ ದಾರಿ ಬಿಚ್ಚಿಕೊಂಡಿತ್ತು, ನಾನೇ ಹೋಗಿ ಹಾಕುವಷ್ಟು. ಎಡಕ್ಕೆ ಇಂಡಿಯವನ ಕೈ ಮೇಲೆದ್ದಿತ್ತು. ಸಾಹೇಬರು ನೀನೇ ಹಾಕು ಎಂದು ಕೂಗಿದ್ದು ಕೇಳಿಸಿತು. ಅದು ಕೇಳಿಸಿದಾಗ ಚೆಂಡು ನನ್ನ ಕೈ ಬಿಟ್ಟಾಗಿತ್ತು. ಅವನಿಗೆ ಕೊಟ್ಟೆನೆಂದರೆ ಅದು ಔದಾರ್ಯವೆಂದು ಯಾರಾದರೂ ತಿಳಿದಾರು. ಅಲ್ಲ. ಅವನ ಮೇಲೆ ಕರುಣೆಯೂ ಇರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಯಾಕೆ ಕೊಟ್ಟೆನೆಂದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅವನು ಹಾಕಿದ. ನಮಗೆ ಎರಡು ಅಂಕ.

ನಮ್ಮ ಕಡೆಯ ಜನ ಗೆದ್ದೆವೆಂದು ಕೂಗಿದರು. ಆಟ ಇನ್ನೂ ಮುಗಿದಿರಲಿಲ್ಲ. ಆದರೆ ಕುಸ್ತಿ ನೋಡಿ ಬೆಳೆದವರಿಗೆ ಅಂಥ ಕೂಗು ಬಂತೆಂದರೆ ಜೋಡಿ ಮುಗಿಯಿತೆಂದೇ ಅರ್ಥ. ಕಾಕಾ ಎದ್ದರು. ಚಪ್ಪಲಿ ಗೆರೆಯ ಹೊರಗೆ ಬಿಟ್ಟು, ಕಣಕ್ಕೆ ಕೈಮುಗಿದು, ಗಂಟು ಬಿಚ್ಚುತ್ತಾ ಒಳಗೆ ನಡೆದು ಬಂದರು. ಎದುರು ತಂಡದವರು ಚೆಂಡು ಹಿಡಿದು ಓಡಲು ಸಿದ್ಧವಾದವರು ಹಾಗೆಯೇ ನಿಂತರು. ರೆಫರಿ ಸೀಟಿ ಊದಿದ. ಕಾಕಾ ಅದನ್ನು ತಮಗೆ ಮಾಡಿದ ಮರ್ಯಾದೆ ಎಂದು ತಿಳಿದು ಅವನಿಗೂ ಒಂದು ನಮಸ್ಕಾರ ಹೇಳಿದರು.

ಅವರು ನೇರ ನನ್ನ ಕಡೆಗೇ ಬರುತ್ತಿದ್ದರು. ನನಗೆ ನಾಚಿಕೆಯಾಯಿತು, ಹೆದರಿಕೆಯಾಯಿತು, ಖುಷಿಯೂ ಆಯಿತು. ಸುಳ್ಳೇಕೆ ಹೇಳಲಿ, ಅವರಿಗೆ ಅನುಕೂಲವಾಗಲೆಂದು ತಲೆಯನ್ನು ತುಸು ಬಗ್ಗಿಸಿದೆ ಕೂಡ. ಕಾಕಾ ನನ್ನ ಭುಜ ಸವರಿಕೊಂಡು ಮುಂದೆ ಹೋದರು. ಹಿಂದೆ ನಿಂತಿದ್ದ ಇಂಡಿಯವನ ಮುಂದೆ ನಿಂತು, ಕೈ ಎಟುಕದೆ, ಬಗ್ಗಪಾ ಎಂದರು. ಅವನು ಗಾಬರಿಯಿಂದ ಮೊಣಕಾಲೂರಿದ. ಕಾಕಾ ಸಾವಕಾಶವಾಗಿ, ಒಂದೊಂದು ಸುತ್ತನ್ನೂ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾ, ಇಡೀ ರುಮಾಲನ್ನು ಅವನ ತಲೆಗೆ ಸುತ್ತಿದರು. ಮಾಳಿಗೆಯ ಮೇಲಿನ ಹೆಂಗಸರು ಸೀಟಿಯ ಸದ್ದನ್ನೂ ಮೀರಿಸಿ ನಗುತ್ತಿದ್ದರು. ಬಗ್ಗಿಸಿದ ನನ್ನ ತಲೆಯನ್ನು ಯಾವಾಗ ಎತ್ತಿದೆನೋ ನೆನಪಿಲ್ಲ.

ನಮ್ಮ ಕಡೆಯವರು ಆಟ ಕೆಡಿಸಿದರೆಂದು ರೆಫರಿ ಎದುರು ತಂಡಕ್ಕೆ ಯಾರೂ ಅಡ್ಡ ಬಾರದಂತೆ ಎಸೆಯುವ, ಒಂದೊಂದು ಅಂಕದ ಎರಡು ಬಿಡಿ ಎಸೆತ ಕೊಟ್ಟ. ರುಮಾಲು ತೆಗೆಯದೆ ಆಡುವಂತಿಲ್ಲ ಎಂದೂ ಹೇಳಿದ. ತೆಗೆದು ಎಲ್ಲಿಡಬೇಕು? ಮಾನದ ರುಮಾಲು ನೆಲಕ್ಕೆ ತಾಗಬಾರದು. ಇಂಡಿಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿದ, ಯಾರೂ ಮುಟ್ಟಲಿಲ್ಲ. ಕೊನೆಗೆ ಸಾಹೇಬರು ಕೈ ಚಾಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಎದುರಿನವರ ಒಂದು ಎಸೆತ ಒಳಗೆ ಹೋಯಿತು, ಒಂದು ಬಳೆಗೆ ಬಡಿದು ಹೊರಗೆ ಬಂತು. ಮರುಕ್ಷಣವೇ ಹೊತ್ತು ಮುಗಿಯಿತು. ಒಂದು ಅಂಕದಿಂದ ಗೆದ್ದೆವು.

ಸಾಹೇಬರು ಬಂದು ನನ್ನ ಬೆನ್ನು ತಟ್ಟಿದರು. ಮತ್ತೆ ಸ್ವಲ್ಪ ಮುಜುಗರದಿಂದ ಹೇಳಿದರು.

“ನಿಮ್ಮ ಹಿರಿಯರೇ ತೀರ್ಮಾನ ಮಾಡಿಬಿಟ್ಟ್ರಲ್ಲಪಾ. ಇನ್ನ ನಾ ಏನ್ ಹೇಳ್ಲಿ?”

ಅವರ ದನಿಯಲ್ಲಿ ಕುಹಕವಿರಲಿಲ್ಲ. ಕಠಿಣವಾದ ಕೆಲಸವೊಂದು ತಮ್ಮ ಮೇಲಿಂದ ಇಳಿಯಿತಲ್ಲ ಎಂಬ ನಿರಾಳ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಮತ್ತು ನಾನು ಒಂದು ಹಾಳೆಯಲ್ಲಿ ಚುರುಮುರಿ, ಮಿರ್ಚಿ ಭಜಿ ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತೆವು. ಉಳಿದ ಹಿರಿಯರು ಬಸ್ಸಿನಲ್ಲಿ ಜಾಗ ಹಿಡಿಯಲು ಹೋಗಿದ್ದರು. ಕಾಕಾ ಹಸಿದಿದ್ದರು, ತಿನ್ನುತ್ತಿದ್ದರು. ನಾನು ನನ್ನ ಪಾಲನ್ನೂ ಅವರ ಕಡೆ ಸರಿಸಿದೆ.

“ಕಾಕಾ, ಆ ರುಮಾಲ ನನಗಂತ ತಂದಿದ್ದಿ.”

“ಹೂಂ. ನಿನಗಂತನ ತಂದಿದ್ನಿ.”

“ಮತ್ತ ಅವಗ ಯಾಕ ಸುತ್ತಿದಿ?”

“ಒಳಗ ಹಾಕಿದಾಂವ ಅಂವಾ. ನಿನಗ ಸುತ್ತಿದ್ರ ನಾಕ ಮಂದ್ಯಾಗ ನಾ ಸುಳ್ಳ ಆಗ್ತಿದ್ನಿ. ಕಣದಾಗ ಮಗಾ ಅಂತ ನೋಡೂದಿಲ್ಲೋ ತಮ್ಮಾ.”

“ಚೆಂಡು ಕೊಟ್ಟಾಂವ ನಾನು.”

ಕಾಕಾ ಅಗಿಯುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟನ್ನು ಹಾಳೆಯ ಮೇಲೆ ಇಟ್ಟರು.

“ಅದು ನನಗ ಕಾಣಲಿಲ್ಲ. ಎಲ್ಲಾರೂ ಮ್ಯಾಲ ಬಳಿ ನೋಡಾಕತ್ತಿದ್ರು, ನಾನೂ ಮ್ಯಾಲ ನೋಡಿದ್ನಿ.”

ಸಿಟ್ಟು ಮಾಡಬೇಕೆಂದಿದ್ದವನಿಗೆ ಸಿಟ್ಟು ಎಲ್ಲಿಂದ ತರಬೇಕೋ ತಿಳಿಯಲಿಲ್ಲ. ಅದರಿಂದ ನೌಕರಿ ಹೋಗಬಹುದು ಎಂದು ಮಾತ್ರ ಹೇಳಿದೆ. ಕಾಕಾ ನನ್ನ ಮುಖವನ್ನೇ ನೋಡಿದರು. ಅವರ ಮುದುಡಿದ ಕಿವಿಗಳು ಕೆಂಪಾಗಿದ್ದವು. ನಾನು ಹೋಗಿ ಸಾಹೇಬರಿಗೆ ತಿಳಿಸಿ ಹೇಳಲೇನು ಎಂದರು. ಏನೆಂದು ಹೇಳುತ್ತೀ ಎಂದೆ. ಅದೇ ನನಗೂ ಗೊತ್ತಾಗುವುದಿಲ್ಲ ಎಂದರು. ಬಸ್ಸು ಬಂತು, ಅವರು ತಾಳಿಕೋಟೆಯ ಕಡೆ ಹೋದರು, ನಾನು ಬಾಗೇವಾಡಿಯ ಕಡೆ.

ಆದೇಶ ಇಂಡಿಯವನ ಹೆಸರಿಗೇ ಬಂತು. ಅಂದು ಅವನು ಖೋಲಿಯಲ್ಲಿ ನಗಲೂ ಇಲ್ಲ, ಪಾನಕವನ್ನೂ ಮಾಡಲಿಲ್ಲ. ನಾನು ಟ್ರಂಕು ತೆರೆದು ಬಟ್ಟೆ ಮಡಚತೊಡಗಿದೆ. ಸಂಜೆಯ ಆಟಕ್ಕಾದರೂ ಬಾ, ವರ್ಷ ಮುಗಿಯಲು ಇನ್ನೂ ದಿನ ಇವೆ ಎಂದು ಎಳೆದುಕೊಂಡು ಹೋದ. ಮೈದಾನದಲ್ಲಿ ನನ್ನ ಕೈಯಿಂದ ಚೆಂಡು ಕಸಿದುಕೊಂಡು, ಇಂದು ನೀನು ಬಳೆಯ ಕೆಳಗೆ ನಿಲ್ಲು, ನಾನು ತರುತ್ತೇನೆ ಎಂದ. ಅಷ್ಟೆತ್ತರದ ಮನುಷ್ಯ ಚೆಂಡು ಪುಟಿಸುತ್ತಾ ಹೊರಟರೆ ಒಂಟೆ ಬಿಸಿನೆಲದ ಮೇಲೆ ಓಡಿದ ಹಾಗಿತ್ತು. ನಾಲ್ಕು ಹೆಜ್ಜೆಗೆ ಎದುರು ನಿಂತವರು ಕಸಿದುಕೊಂಡರು. ಮತ್ತೆ ತಂದ, ಮತ್ತೆ ಕಸಿದುಕೊಂಡರು. ಒಮ್ಮೆ ಚೆಂಡು ಅವನ ಮೊಣಕಾಲಿಗೇ ಬಡಿದು, ಆಟ ನೋಡುತ್ತಾ ಕೂತಿದ್ದ ಸಾಹೇಬರ ಕುರ್ಚಿಯ ಕೆಳಗೆ ಹೋಯಿತು. ಸಾಹೇಬರು ಚೆಂಡು ಎತ್ತಿ, ಇಂದು ನಿನಗೇನಾಗಿದೆ, ಒಂದೂ ಹಾಕಲಿಲ್ಲ ಎಂದು ಕೇಳಿದರು.

“ತಂದು ಕೊಡಾವ್ರಿಲ್ಲಂದ್ರ ನಾ ಏನ್ ಹಾಕ್ಲಿ ಸಾಹೇಬ್ರ? ಇಂವಾ ಊರಿಗೆ ಹೊಂಟಾನ್ರಿ. ಇಂವಾ ಹ್ವಾದ ಮ್ಯಾಲ ನಾ ದಿನಾ ಹಿಂಗ ನೋಡ್ರಿ.”

ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಲೆಕ್ಕ ತಪ್ಪಿದವರ ಹಾಗೆ ಚೆಂಡನ್ನು ಕೈಯಲ್ಲಿ ತಿರುಗಿಸಿದರು. ಇವನು ಹೇಳುವುದು ಖರೆಯೇನೋ ಎಂದು ನನ್ನನ್ನೇ ಕೇಳಿದರು. ಯಾವುದು ಖರೆ ಎಂದು ಕೇಳುತ್ತಿದ್ದಾರೋ ತಿಳಿಯದೆ ನಾನು ಹೌದ್ರಿ ಎಂದೆ. ಕಾಯಂ ಮಾಡುವುದು ನನ್ನ ಕೈಯಲ್ಲಿಲ್ಲ, ಹಂಗಾಮಿ ಮೇಲೆ ಇನ್ನೊಂದು ವರ್ಷ ಇರುತ್ತೀಯಾ ಎಂದರು. ಅದಕ್ಕೂ ಹೌದ್ರಿ ಎಂದೆ. ಸಂತೋಷಪಡಬೇಕೋ ಬೇಸರಪಡಬೇಕೋ ನಿರ್ಧರಿಸುವ ಮುಂಚೆಯೇ ಅವರು ಚೆಂಡನ್ನು ನನ್ನ ಕಡೆ ಎಸೆದಿದ್ದರು.

ಹಿಡಿದೆ. ಇಂಡಿಯವನು ಆಗಲೇ ಬಳೆಯ ಕೆಳಗೆ ಹೋಗಿ ನಿಂತಿದ್ದ. ಆ ದಶಕ ಮುಗಿಯುವ ತನಕ ಪ್ರತಿ ವರ್ಷವೂ ನನ್ನನ್ನು ಹಾಗೆಯೇ ಮುಂದುವರಿಸಿದರು, ಒಮ್ಮೆಯೂ ಕಾಯಂ ಮಾಡಲಿಲ್ಲ. ಯಂಕಂಚಿಗೆ ಹೋದಾಗ ಯಾರನ್ನು ಕೆಡವಿದೆ ಎಂದು ಕಾಕಾ ಮತ್ತೆ ಕೇಳಲಿಲ್ಲ. ಬದಲಿಗೆ, ಈ ಸಲ ಯಾರಿಗೆ ಕೊಟ್ಟೆ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಅರ್ಥವಾಯಿತೋ ಇಲ್ಲವೋ ನಾನು ಕೇಳಲು ಹೋಗುತ್ತಿರಲಿಲ್ಲ.